ನೀಲಿ ಸಿಲಿಂಡರ್

"ನೀರ್ ಮೇಲೆ ತೇಲೋದೆಲ್ಲ ಬೋಟಲ್ಲ ಕಣಮ್ಮ ಲೋರ್ನಾ. ಹೇಲೂ ತೇಲ್ತದೆ."

ಹೇಳಿದ ಮಾತಿಗೆ ಕ್ರೌದರ್ ತಾನೇ ನಕ್ಕ. ಲೋರ್ನಾ ಅವನ ಬಾಡಿಗೆ ಬೋಟು 'ಹೆರಾನ್'ನ ಕಕ್ಕಸಿನಲ್ಲಿ ಮಂಡಿಯೂರಿ, ಹೋದ ಬೇಸಿಗೆಯಲ್ಲಿ ರಜೆ ಕಳೆಯಲು ಬಂದವರು ಬಿಟ್ಟುಹೋದ ಕರೆಯನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದಳು. ಅಲ್ಲಿಂದ ಅವಳಿಗೆ ಕಾಣುತ್ತಿದ್ದದ್ದು ಕ್ರೌದರ್‌ನ ಬೂಟುಗಳು ಮಾತ್ರ. ಈಗಷ್ಟೇ ಒರೆಸಿದ ನೆಲದ ಮೇಲೆ ಕೆಸರು ಮೆತ್ತಿದ ಎರಡು ಬೂಟು.

"ದುಡ್ಡು ತಂದಿದೀನಿ ಸಾರ್. ಖಾಲಿ ಸಿಲಿಂಡರೂ ತಂದಿದೀನಿ. ಒಂದೇ ಒಂದು ಕೊಡಿ."

"ದುಡ್ಡಿನ ಮಾತಲ್ಲಮ್ಮ. ಗ್ಯಾಸ್ ಲಾರಿ ಮುಖ ತೋರ್ಸಿ ಮೂರು ವಾರ ಆಯ್ತು. ಇರೋ ನಾಕು ಸಿಲಿಂಡರ್ ನನ್ನ ಮರೀನಾದಲ್ಲಿ ಬೋಟ್ ಕಟ್ಟಿರೋರಿಗೆ. ದಂಡೆಯೋರಿಗಲ್ಲ."

ಕಾಲುವೆಯ ದಂಡೆಗೆ ಗೂಟ ಹೊಡೆದು ಬೋಟು ಕಟ್ಟಿಕೊಂಡು, ಅದರಲ್ಲೇ ಬದುಕುತ್ತಾ, ಕಾಲುವೆ ಇಲಾಖೆಯ ನಿಯಮದಂತೆ ಹದಿನಾಲ್ಕು ದಿನಕ್ಕೊಮ್ಮೆ ಗೂಟ ಕಿತ್ತು ಮುಂದಕ್ಕೆ ಹೋಗಬೇಕಾದವರು ದಂಡೆಯವರು. ಬೋಟು ತಂಗುದಾಣವಾದ ಮರೀನಾದೊಳಗೆ ಬಾಡಿಗೆಗೆ ಜಾಗ ಹಿಡಿಯಲು ಆಗದವರು. ಅವರಲ್ಲಿ ಅರ್ಧ ಜನ ಮರೀನಾದವರ ಕಕ್ಕಸು ತೊಳೆದೇ ಹೊಟ್ಟೆ ಹೊರೆಯುತ್ತಿದ್ದರು.

"ನಂಗಲ್ಲ ಸಾರ್, ಈನಕ್ ತಾತಂಗೆ. ನಂಗಾದ್ರೆ ಕಲ್ಲಿದ್ದಲ ಒಲೆ ಅದೆ, ಅದರ ಮೇಲೆ ಏನೋ ಬೇಯಿಸ್ಕೋತೀನಿ. ತಾತನ ಒಲೆ ಬಿರುಕು ಬಿಟ್ಟದೆ ಅಂತ ಇನ್‌ಸ್ಪೆಕ್ಟರ್ ಬಂದು ಸೀಲ್ ಹಾಕ್ಬಿಟ್ಟ. ಹಚ್ಚಿದ್ರೆ ಲೈಸೆನ್ಸ್ ಕಿತ್ಕೋತಾರೆ. ಒಂದು ಲೋಟ ನೀರು ಕಾಯ್ಸೋಕೂ ಗತಿ ಇಲ್ಲ. ಎಪ್ಪತ್ತಾರು ವರ್ಷ ಸಾರ್ ಅವಂಗೆ."

"ಎಪ್ಪತ್ತಾರು ವರ್ಷ ಆದೋನು ಮನೇಲಿರ್ಬೇಕು."

ಲೋರ್ನಾ ಬ್ರಷ್ಷು ನಿಲ್ಲಿಸಿದಳು. "ಈ ಬೋಟ್‌ಗಳಲ್ಲಿ ತಲಾ ಎರಡು ಕೆಂಪು ಸಿಲಿಂಡರ್ ಕೂತವೆ ಸಾರ್. ಹನ್ನೆರಡು ಬೋಟು. ಏಪ್ರಿಲ್ ತಂಕ ಒಬ್ಬರೂ ಬರಲ್ಲ."

ಬೂಟುಗಳು ಅಲುಗಾಡಲಿಲ್ಲ. "ನನ್ ಬೋಟಲ್ಲಿ ಏನೇನದೆ ಅಂತ ಎಣಿಸೋಕಾ ನಿನ್ನ ಕೈಗೆ ಬೀಗದಕೈ ಗೊಂಚಲು ಕೊಟ್ಟಿರೋದು?"

ಅವಳು ತಲೆ ತಗ್ಗಿಸಿ ಮತ್ತೆ ಉಜ್ಜಿದಳು. ಬೂಟುಗಳು ಬಾಗಿಲ ಕಡೆ ತಿರುಗಿದವು, ಮೇಲಿನಿಂದ ಮಾತು ಬಂತು: "ಆ ಕೊನೇ ಎರಡು ಬೋಟಿನ ಕಕ್ಕಸೂ ಇವತ್ತೇ ಮುಗ್ಸು. ಆಮೇಲೆ ಗೋದಾಮಿನ ಹತ್ರ ಬಾ. ನೋಡಣ."

ಎರಡೂ ಮುಗಿಸಿ ಹೋದಾಗ ಕ್ರೌದರ್ ಗೋದಾಮಿನ ಮೂಲೆಯಿಂದ, ಜೇಡರಬಲೆ ಕಟ್ಟಿದ್ದ ಒಂದು ಸಿಲಿಂಡರನ್ನು ಕಾಲಿನಿಂದ ಉರುಳಿಸಿದ. ನೀಲಿ ಬಣ್ಣದ್ದು, ಚಿಕ್ಕದು.

"ತಗೋ. ತುಂಬಿದ್ದು. ಖಾಲೀದು ಇಲ್ಲಿಟ್ಟು ಹೋಗು."

"ನಾವು ಕೆಂಪುದಲ್ವಾ ಸಾರ್ ಹಾಕೋದು?"

"ಕೆಂಪಾದ್ರೇನು ನೀಲಿಯಾದ್ರೇನು, ಗ್ಯಾಸೇ ತಾನೆ? ಪೈಪು ಸಿಕ್ಸೋ ಮೂತಿ ಬೇರೆ, ಅಷ್ಟೆ. ಮುದುಕನ ಪೆಟ್ಟಿಗೇಲಿ ಹಳೇ ಮೂತಿ ಬಿದ್ದಿರ್ತದೆ, ಕೇಳು." ಆಮೇಲೆ ಕಣ್ಣು ಕಿರಿದು ಮಾಡಿ ಅಂದ: "ಅದು ಮಲ್ಕೊಂಡ್ರೆ ತಬ್ಕೊಂಡು ಎಬ್ಸು ಅಂತ ಹೇಳು ಅವಂಗೆ."

ಅದು ಅವನ ಎಂದಿನ ಪೋಲಿ ಮಾತು ಎಂದುಕೊಂಡಳು ಲೋರ್ನಾ. ಅವಳು ಈ ಕಾಲುವೆಗೆ ಬಂದು ಎರಡೇ ವರ್ಷ, ಹಿಂದಿನೆರಡು ಚಳಿಗಾಲವೂ ಬರೀ ಮಳೆಯಲ್ಲೇ ಕಳೆದಿದ್ದವು. ಥ್ಯಾಂಕ್ಸ್ ಹೇಳಿದಳು. ಬಾಗಿಲ ಹತ್ತಿರ ಹೋಗಿ ತಿರುಗಿ ಇನ್ನೊಮ್ಮೆ ಹೇಳಿದಳು. ಗೇಟು ದಾಟುವಾಗ ಮೂರನೆಯ ಸಲ ಕೂಗಿ ಹೇಳಿದಳು.

ಕೈಗಾಡಿಯಲ್ಲಿ ಸಿಲಿಂಡರ್ ಇಟ್ಟು ದಂಡೆಯುದ್ದಕ್ಕೂ ತಳ್ಳಿಕೊಂಡು ಬಂದಳು. ಕಾಲುವೆ ಹೆಪ್ಪುಗಟ್ಟಿ ಐದು ದಿನವಾಗಿತ್ತು. ಬಾತುಕೋಳಿಗಳು ನೀರಿನ ಮೇಲೆ ನಡೆಯುತ್ತಿದ್ದವು. ಬೋಟುಗಳು ಎಲ್ಲೆಲ್ಲಿದ್ದವೋ ಅಲ್ಲಲ್ಲೇ ಕಚ್ಚಿಕೊಂಡಿದ್ದವು, ಆದರೂ ಹದಿನಾಲ್ಕು ದಿನ ಮುಗಿದವರ ಕಿಟಕಿಗಳಿಗೆ ಕಾಲುವೆ ಇಲಾಖೆಯವನು ಬಂದು ನೋಟಿಸ್ ಅಂಟಿಸಿ ಹೋಗಿದ್ದ. ಬ್ರಾನ್‌ವೆನ್ ತನ್ನ ಬೋಟಿನ ತಲೆಯ ಮೇಲೆ ಕೂತು ಹಳೆಯ ಕುರ್ಚಿಯೊಂದನ್ನು ಕೊಡಲಿಯಿಂದ ಸೀಳುತ್ತಿದ್ದಳು. ದಂಡೆಯ ಏಳು ಬೋಟಿಗೂ ಈಗ ಅವಳದೇ ಅಡುಗೆ ಯಜಮಾನಿಕೆ. ಯಾರ ಒಲೆ ಉರಿಯುತ್ತಿದೆಯೋ ಅಲ್ಲಿ ದೊಡ್ಡ ಪಾತ್ರೆ, ಒಂದು ಕುದಿ ಬಂದ ಕೂಡಲೇ ಇಳಿಸಿ, ರಜಾಯಿಯಲ್ಲಿ ಸುತ್ತಿ, ಹಾಸಿಗೆಯೊಳಗೆ ಹೂತಿಡುವುದು. ಸಂಜೆ ತೆಗೆದರೆ ಆಲೂಗಡ್ಡೆ ತಾನೇ ಬೆಂದಿರುತ್ತಿತ್ತು.

"ಏನೇ ಅದು ಗಾಡೀಲಿ, ಕಂಬಳಿ ಹೊದ್ಸಿದೀಯ? ಮಗೂನಾ?" ಅಂದಳು ಬ್ರಾನ್‌ವೆನ್.

"ಗ್ಯಾಸ್ ಕಣಕ್ಕ! ತಾತಂಗೆ ಸಿಕ್ತು!"

"ಕ್ರೌದರ್ ಕೊಟ್ನಾ? ಆ ಹಲ್ಕಾ ನನ್ಮಗ? ಸಾಯೋ ಕಾಲ ಬಂದಿರ್ಬೇಕು ಅವಂಗೆ."

ಕಂಬಳಿ ಸರಿಸಿ ನೋಡಲು ಬ್ರಾನ್‌ವೆನ್ ಇಳಿದು ಬರಲಿಲ್ಲ. ಕೊಡಲಿ ಮತ್ತೆ ಎತ್ತಿದಳು.

ಈನಕ್ ಎರಡು ಕೋಟು ಒಂದರ ಮೇಲೊಂದು ಹಾಕಿ, ತಣ್ಣಗಿನ ಒಲೆಯ ಮುಂದೆ ಅಭ್ಯಾಸಬಲದಿಂದ ಕೈ ಚಾಚಿಕೊಂಡು ಕೂತಿದ್ದ. ಒಲೆಯ ಬಾಗಿಲಿಗೆ ಇನ್‌ಸ್ಪೆಕ್ಟರ್ ಕಟ್ಟಿದ ಕೆಂಪು ಪಟ್ಟಿ ಇನ್ನೂ ಹೊಸದಾಗಿತ್ತು. ಈ ಕಾಲುವೆಯ ನೀರು ಹಿಡಿದು ನಿಲ್ಲಿಸುವ ಓಕ್ ಮರದ ದೊಡ್ಡ ಬಾಗಿಲುಗಳನ್ನು ನಲವತ್ತೊಂದು ವರ್ಷ ಅವನೇ ಕೆತ್ತಿ ಕೂರಿಸಿದ್ದ. ಬೆರಳುಗಳೂ ಈಗ ಅದೇ ಮರದ ಹಾಗೆ ಗಂಟುಗಂಟಾಗಿದ್ದವು.

ಲೋರ್ನಾ ಕಂಬಳಿ ತೆಗೆದಾಗ ಅವನು ಬಗ್ಗಿ ಸಿಲಿಂಡರನ್ನು ಬೆರಳಿನಿಂದ ಮುಟ್ಟಿದ. "ನೀಲೀದು," ಅಂದ.

"ಯಾಕ್ ತಾತ, ಆಗಲ್ವಾ?"

ಅವನು ಲೋರ್ನಾಳ ಮುಖ ನೋಡಿದ. ಬ್ಲೀಚಿಂಗ್ ಪೌಡರಿಗೆ ಸುಲಿದ ಅವಳ ಕೈ ನೋಡಿದ.

"ಆಗ್ದೆ ಏನು? ಹೋಗು, ಆ ಪೆಟ್ಟಿಗೇಲಿ ಹಿತ್ತಾಳೆ ಮೂತಿ ಅದೆ, ಕೊಡು."

"ಕ್ರೌದರ್ ಏನೋ ಹೇಳ್ದ. ಮಲ್ಕೊಂಡ್ರೆ ತಬ್ಕೊಂಡು ಎಬ್ಸಬೇಕಂತೆ."

ಈನಕ್ ಕೆಮ್ಮು ಬರುವವರೆಗೂ ನಕ್ಕ. "ಬಡ್ಡಿಮಗ. ಅವರಪ್ಪನೂ ಹಿಂಗೇ ಇದ್ದ. ಹನ್ನೊಂದು ವರ್ಷ ಆಯ್ತು ಕಣೆ ಮಗ್ಳೆ ನನ್ ಹಾಸಿಗೇಲಿ ಇನ್ನೊಬ್ರು ಮಲಗಿ. ದಪ್ಪಗಿದ್ದಾಳೆ, ಬಾಯಿ ಮಾತ್ರ ಹಿತ್ತಾಳೇದು. ಪರವಾಗಿಲ್ಲ."

ಬೋಟಿನ ಮುಂತುದಿಯಲ್ಲಿದ್ದ ಗ್ಯಾಸ್ ಪೆಟ್ಟಿಗೆಗೆ ಇಬ್ಬರೂ ಸೇರಿ ಸಿಲಿಂಡರ್ ಇಳಿಸಿದರು. ನಡು ಮಧ್ಯಾಹ್ನ, ಒಂದಿಷ್ಟು ಬಿಸಿಲಿತ್ತು. ಕಡ್ಡಿ ಗೀರಿದಾಗ ಒಲೆಯ ಮೇಲೆ ಉಗುರಿನಷ್ಟು ಉರಿ ಎದ್ದಿತು. ಲೋರ್ನಾ ಚಪ್ಪಾಳೆ ತಟ್ಟಿದಳು.

"ನೋಡ್ದಾ? ಇನ್ಮೇಲೆ ನಿನ್ ಸೂಪಿನ ಬಕೆಟ್ಟು, ಬಿಸಿನೀರ ಚೀಲ ಹೊತ್ಕೊಂಡು ಬರಬೇಡ. ನಿನ್ ಕಲ್ಲಿದ್ದಲೂ ಎರಡೇ ಮೂಟೆ ಉಳಿದದೆ, ನಾ ನೋಡಿದೀನಿ," ಅಂದ ಈನಕ್.

"ಅದರ ಬದ್ಲು ನನ್ ಬೋಟಿಗೇ ಬಂದು ಮಲ್ಕೊ ತಾತ, ಚಳಿ ಮುಗಿಯೋ ತಂಕ."

ಅವನು ಕಿಟಕಿಯ ಕಡೆ ಗದ್ದ ಎತ್ತಿದ. ಗಾಜಿಗಂಟಿದ ನೋಟಿಸು ಒಳಗಿನಿಂದ ತಿರುಗುಮುರುಗಾಗಿ ಕಾಣುತ್ತಿತ್ತು. "ನಾ ಇಳಿದ ದಿನಾನೇ ಆ ಸೂಳೆಮಗ ಬಂದು, ಬೋಟಲ್ಲಿ ಯಾರೂ ಇಲ್ಲ, ಬಿಟ್ಟು ಓಡೋಗವ್ನೆ ಅಂತ ಬರ್ಕೋತಾನೆ. ಕ್ರೇನ್ ತಂದು ಎತ್ಕೊಂಡು ಹೋಗ್ತಾರೆ. ಆಮೇಲೆ ನಾನೆಲ್ಲಿಗೆ ಹೋಗ್ಲಿ, ಹೇಳು?"

ಲೋರ್ನಾ ಖಾಲಿ ಕೈಗಾಡಿ ತಳ್ಳಿಕೊಂಡು ಹೊರಟಳು.

ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಅವನ ಕಿಟಕಿ ತಟ್ಟಿದಳು. ಒಳಗಿನಿಂದ ಅವನ ಒಣಕಟ್ಟಿಗೆಯಂಥ ದನಿ ಕೂಗಿತು: "ಟೀ ಆಯ್ತು ಕಣೆ, ಗಂಜೀನೂ ಆಯ್ತು, ಹೋಗು!" ಅದರ ಮಾರನೆಯ ದಿನ ಮಾತಿಲ್ಲ, ಗಾಜಿನ ಮೇಲೆ ಎರಡು ಸಲ ಬೆರಳಿನ ಸದ್ದು. ಲೋರ್ನಾ ನಿಶ್ಚಿಂತೆಯಿಂದ ಹೋಗಿ ಕ್ರೌದರ್‌ನ ಪರದೆಗಳನ್ನು ಒಗೆದಳು. ಆ ರಾತ್ರಿ ತನ್ನ ಬಿಸಿನೀರ ಚೀಲವನ್ನು ತನ್ನ ಕಾಲಡಿಗೇ ಇಟ್ಟುಕೊಂಡು ಮಲಗಿದಳು.

ಮೂರನೆಯ ಬೆಳಿಗ್ಗೆ ಗಾಜಿಗೆ ಒಳಗಿನಿಂದಲೂ ಹಿಮ ಹಿಡಿದಿತ್ತು. ಎಷ್ಟು ತಟ್ಟಿದರೂ ಸದ್ದಿಲ್ಲ.

ಅವಳು ಕೂಗಿದ್ದಕ್ಕೆ ಬ್ರಾನ್‌ವೆನ್ ಓಡಿ ಬಂದಳು. ಇಬ್ಬರೂ ಸೇರಿ ಬಾಗಿಲು ದೂಡಿದರು. ಗ್ಯಾಸ್ ಒಲೆಯ ಮೇಲಿನ ಪಾತ್ರೆಯಲ್ಲಿ ಓಟ್ಸ್ ತೇಲಿದ ನೀರು ಹಾಗೇ ಹೆಪ್ಪುಗಟ್ಟಿತ್ತು. ಸುತ್ತ ಗೀರಿದ ಕಡ್ಡಿಗಳು ಚೆಲ್ಲಿದ್ದವು. ಒಂದು ಪೂರಾ ಪೊಟ್ಟಣದ ಕಡ್ಡಿಗಳು.

ಈನಕ್ ಹಾಸಿಗೆಯಲ್ಲಿದ್ದ. ಎರಡು ಕೋಟು, ಮೂರು ಕಂಬಳಿ, ಅದರ ಮೇಲೆ ಕಿಟಕಿಯ ಪರದೆ. ಬ್ರಾನ್‌ವೆನ್ ಕಂಬಳಿ ಎಳೆದಳು. ಅವನ ಎದೆಗೆ ನೀಲಿ ಸಿಲಿಂಡರ್ ಒತ್ತಿಕೊಂಡಿತ್ತು, ಎರಡೂ ತೋಳು ಅದನ್ನು ಬಳಸಿದ್ದವು, ಕೆನ್ನೆ ಅದರ ಭುಜದ ಮೇಲಿತ್ತು.

ಅವಳು ಅದನ್ನು ಹಿಡಿದು ಅಲುಗಿಸಿದಳು. ಒಳಗೆ ದ್ರವ ತುಳುಕಿತು.

"ತುಂಬ್ಕೊಂಡದೆ," ಅಂದಳು ಬ್ರಾನ್‌ವೆನ್. "ನೀಲೀದು ಕೊಟ್ನೇನೆ ಅವ್ನು? ಈ ಚಳಿಗೆ? ನೀರು ಹೆಪ್ಪುಗಟ್ಟೋ ಚಳೀಲೂ ಕೆಂಪು ಉರೀತದೆ, ನೀಲಿ ಗ್ಯಾಸ್ ಮೇಲೇಳಲ್ಲ ಕಣೆ, ತಳದಲ್ಲೇ ಮಲಗಿಬಿಡ್ತದೆ. ಹಾಸಿಗೇಲಿಟ್ಟು ಬಿಸಿ ಮಾಡಿದ್ರೆ ಗಳಿಗೆ ಹೊತ್ತು ಎದ್ರೂ ಎದ್ದೀತು. ಅಷ್ಟಕ್ಕೆ ಮೈಯಲ್ಲಿ ಬಿಸಿ ಇರ್ಬೇಕಲ್ಲ."

"ಮೊನ್ನೆ ತಾತ ಟೀ ಆಯ್ತು ಅಂದ. ನಿನ್ನೇನೂ ಗಾಜು ತಟ್ಟಿದ."

"ನಿಂಗೆ ಅಂದಿರ್ತಾನೆ."

"ಅವಂಗೆ ಗೊತ್ತಿತ್ತಾ ಅಕ್ಕ?"

"ಕಾಲುವೆ ಮೇಲೆ ಹುಟ್ಟಿದೋನಿಗೆ ಗೊತ್ತಿರಲ್ವಾ? ಕ್ರೌದರ್‌ಗೂ ಗೊತ್ತು. ಅವನ ಮನೆ ನಾಯಿಗೂ ಗೊತ್ತು."

ಲೋರ್ನಾ ಪಾತ್ರೆಯ ಹಿಮವನ್ನು ಬೆರಳಿಂದ ಒತ್ತಿ ನೋಡುತ್ತಾ ನಿಂತಳು. ತಬ್ಕೊಂಡು ಎಬ್ಸು ಅಂತ ಹೇಳು ಅವಂಗೆ. ಹೇಳಿದ್ದಳು. ತಾನೇ ಕೈಯಾರೆ ತಂದು, ನಗುತ್ತಾ ಹೇಳಿದ್ದಳು.

ಆಂಬುಲೆನ್ಸಿನವರು ಅವನನ್ನು ಹೊತ್ತೊಯ್ಯುವಾಗ ತೋಳುಗಳು ಬಾಗಿದ ಹಾಗೇ ಇದ್ದವು. ಅವರ ಹಿಂದೆಯೇ ಕಾಲುವೆ ಇಲಾಖೆಯವನು ಸೈಕಲ್ ಮೇಲೆ ಬಂದ. ಬೋಟಿನ ಫೋಟೊ ತೆಗೆದ. ಕೈಯಲ್ಲಿದ್ದ ಟ್ಯಾಬ್ ಮೇಲೆ ಬೆರಳು ಆಡಿಸಿ ಕೇಳಿದ: "ಹದಿನೆಂಟು ದಿನ ಆಯ್ತು, ಜಾಗ ಬಿಟ್ಟಿಲ್ಲ. ಬೋಟಲ್ಲಿ ಯಾರಿದಾರೆ ಈಗ?"

ಬ್ರಾನ್‌ವೆನ್ ಬೋಟಿನ ಬಾಗಿಲು ಎಳೆದು ಮುಚ್ಚಿದಳು.

"ಯಾರೂ ಇಲ್ಲ ಅಂತ ಹಾಕ್ಕೊಳ್ಲಾ?"

"ಹಾಕ್ಕೊ. ಕಾಲುವೆ ಬಾಗಿಲು ಮಾಡ್ದೋನೂ ಇಲ್ಲ ಅಂತ ಹಾಕ್ಕೊ. ನಿನ್ನ ಹುಟ್ಟಿಸ್ದೋನೂ ಇಲ್ಲ ಅಂತ ಹಾಕ್ಕೊ," ಅಂದಳು ಬ್ರಾನ್‌ವೆನ್. ಅವನು ಮುಂದಿನ ಬೋಟಿಗೆ ಹೋದ.

ಲೋರ್ನಾ ಆಗ ಕೈಗಾಡಿ ತಂದಳು. ನೀಲಿ ಸಿಲಿಂಡರನ್ನು ಅದರಲ್ಲಿಟ್ಟು, ಪಕ್ಕದಲ್ಲಿ ಈನಕ್‌ನ ಸೀಟಿ ಹೊಡೆಯುವ ಹಳೆಯ ಕೆಟಲನ್ನು ಇಟ್ಟಳು.

"ಎಲ್ಲಿಗೇ?" ಅಂದಳು ಬ್ರಾನ್‌ವೆನ್.

ಲೋರ್ನಾ ಸೊಂಟದ ಬೀಗದಕೈ ಗೊಂಚಲನ್ನು ಬಿಚ್ಚಿ ತೋರಿಸಿದಳು. "ಪಾತ್ರೆ ತಗೊಂಡು ಬನ್ನಿ ಎಲ್ರೂ. ಇವತ್ತು ಹಾಸಿಗೇಲಿ ಬೇಯ್ಸೋದು ಬ್ಯಾಡ."

ಹಾಡಹಗಲು. ಏಳು ಬೋಟಿನ ಜನ ಬಾಣಲೆ, ಮುಚ್ಚಳ, ಆಲೂಗಡ್ಡೆ ಚೀಲ ಹಿಡಿದು ಮರೀನಾದ ಗೇಟಿನೊಳಗೆ ನಡೆದರು. ಮರೀನಾದ ಒಬ್ಬಿಬ್ಬರು ಪರದೆ ಸರಿಸಿ ನೋಡಿ ಮತ್ತೆ ಎಳೆದುಕೊಂಡರು. ಲೋರ್ನಾ 'ಹೆರಾನ್' ತೆರೆದಳು, ಪಕ್ಕದ್ದು ತೆರೆದಳು, ಹನ್ನೆರಡನ್ನೂ ತೆರೆದಳು. ಮುಂತುದಿಯ ಪೆಟ್ಟಿಗೆಗಳಲ್ಲಿ ಕೆಂಪು ಸಿಲಿಂಡರುಗಳು ಜೋಡಿ ಜೋಡಿಯಾಗಿ ಕೂತಿದ್ದವು, ಪ್ರತಿ ವಾರ ಅವಳೇ ಎತ್ತಿ ನೋಡಿ ತುಂಬಿವೆ ಅಂತ ಗುರುತು ಹಾಕಿದಂಥವು. ಒಂದೊಂದರ ಕಿವಿ ತಿರುವಿದಳು. ಒಂದೊಂದು ಒಲೆಯಲ್ಲೂ ನಾಲ್ಕು ನಾಲ್ಕು ಉರಿ ಭುಸ್ಸೆಂದು ಎದ್ದವು. ತಾನೇ ಉಜ್ಜಿದ ಒಲೆಗಳು. 'ಹೆರಾನ್'ನ ಒಲೆಯ ಮೇಲೆ ಈನಕ್‌ನ ಕೆಟಲ್ ಇಟ್ಟಳು.

ಕಿಟಕಿಗಳ ಮೇಲೆ ಹಬೆ ಹತ್ತಿದಾಗ ಕ್ರೌದರ್ ಆಫೀಸಿನಿಂದ ಓಡಿ ಬಂದ. ಬೋಟುಗಳ ನಡುವಿನ ಇಕ್ಕಟ್ಟಾದ ಹಲಗೆದಾರಿಯ ಮೇಲೆ ಹಿಮ ಗಾಜಿನಂತಿತ್ತು. ಅವನು ಎರಡೂ ಕೈ ಅಗಲಿಸಿ ಸಮತೋಲ ಹಿಡಿಯುತ್ತಾ ಬಂದ.

"ಲೋರ್ನಾ! ಏನೇ ಇದು, ಏನ್ ಮಾಡ್ತಿದೀರ? ಕಳ್ ಮುಂಡೇವಾ, ಪೊಲೀಸ್ ಕರಿಸ್ತೀನಿ! ಒಳಗೆ ಹಾಕಿಸ್ತೀನಿ ಒಬ್ಬೊಬ್ರನ್ನೂ!"

ಲೋರ್ನಾ 'ಹೆರಾನ್'ನಿಂದ ಇಳಿದಳು. ಕೈಗಾಡಿಯಿಂದ ನೀಲಿ ಸಿಲಿಂಡರನ್ನು ಎತ್ತಿ ಎದೆಗಾನಿಸಿಕೊಂಡು ಅವನೆದುರು ಬಂದು ನಿಂತಳು. ಮಂಡಿಯೂರಿ ನೋಡಿದ್ದು ಬರೀ ಬೂಟು, ಎದುರು ನಿಂತರೆ ಅವನು ಇಷ್ಟೇ ಎತ್ತರವೇ ಅನ್ನಿಸಿತು.

"ಕರ್ಸು. ನೀ ಕೊಟ್ಟಿದ್ದು ವಾಪಸ್ ತಂದಿದೀನಿ, ಹಿಡಿ."

ಸಾರ್ ಅನ್ನಲಿಲ್ಲ. ಅಗಲಿಸಿದ ಅವನ ಕೈಗಳ ನಡುವೆ ಅದನ್ನು ತುರುಕಿ ಕೈಬಿಟ್ಟಳು. ಬೀಳಿಸಲು ಹೆದರಿ ಅವನು ಗಬಕ್ಕನೆ ತಬ್ಬಿಕೊಂಡ. ಕಾಲು ಜಾರಿತು, ಹೇಗೋ ನಿಂತ. ಬಗ್ಗಿ ಕೆಳಗಿಡಲು ಹೋದರೆ ಜಾರಿ ಕಾಲುವೆಯ ಹಿಮದ ಪಾಲು.

"ಖಾಲಿ ಆಗಿಲ್ಲ," ಅಂದಳು ಲೋರ್ನಾ. "ತಾತ ಮೂರು ದಿನ ಎಬ್ಸಿದ, ಏಳಲಿಲ್ಲ. ನಿಂಗೆ ಎದ್ದೀತು. ನಿನ್ ಮೈ ಬೆಚ್ಚಗದೆ."

ಕ್ರೌದರ್ ಬಾಯಿ ತೆರೆದ. ಬರೀ ಹಬೆ ಬಂತು. ಕಬ್ಬಿಣದ ಚಳಿ ಅವನ ಬರಿಗೈಗಳನ್ನು ಕಚ್ಚುತ್ತಿತ್ತು. ಬೋಟುಗಳ ಬಾಗಿಲುಗಳಲ್ಲಿ ಸೌಟು ಹಿಡಿದ ಜನ ನಿಂತು ನೋಡುತ್ತಿದ್ದರು. ಯಾರೂ ಮುಂದೆ ಬಂದು ಕೈ ಕೊಡಲಿಲ್ಲ. 'ಹೆರಾನ್'ನೊಳಗೆ ಕೆಟಲ್ ಸೀಟಿ ಹೊಡೆಯಲು ಶುರುಮಾಡಿತು. ಅದನ್ನು ಇಳಿಸಲು ಯಾರೂ ಹೋಗಲಿಲ್ಲ. ಕ್ರೌದರ್‌ನ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು, ಎತ್ತಲು ಅವನಿಗೆ ಕೈ ಬಿಡುವಿರಲಿಲ್ಲ.