ಹಂಡೆಗುಂಡಿ ತುಂಬಿದ ದಿನ

ಬಂಗಾರಿಯ ಅಕ್ಕ ನಾಗು ಮುಳುಗಿ ಸತ್ತದ್ದು ಎದೆಮಟ್ಟದ ನೀರಿನಲ್ಲಿ. ಅಘನಾಶಿನಿ ದಾಟಿಸುವ ದೋಣಿ, ದಡ ಇನ್ನು ಹತ್ತು ಮಾರು ಇದೆ ಎನ್ನುವಾಗ ಮಗುಚಿತ್ತು. ಈಜು ಬಲ್ಲ ಗಂಡಸರು ಈಜಿದರು; ಹೆಂಗಸರು ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದುಕೊಂಡರು. ನಾಗು ಕಾಲು ಚಾಚಿದ್ದರೆ ನೆಲ ಸಿಗುತ್ತಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ಆಗ ಬಂಗಾರಿಗೆ ಹದಿನೇಳು. ಮರುವರ್ಷ ಮದುವೆಯಾಗಿ ಗುಡ್ಡದ ಬುಡದ ಕೊಪ್ಪಕ್ಕೆ ಬಂದವಳು ಗಂಡ ಈರನ ಹತ್ತಿರ ಮೊದಲು ಕೇಳಿದ್ದು ಸೀರೆಯನ್ನಲ್ಲ, ಈಜು ಕಲಿಸು ಎಂದು. ಕಲಿತಳು. ಆಮೇಲೆ ಓರಗಿತ್ತಿಗೆ ಕಲಿಸಿದಳು, ನೆರೆಮನೆಯವಳಿಗೆ ಕಲಿಸಿದಳು. ಇಪ್ಪತ್ತು ವರ್ಷಗಳಲ್ಲಿ ಆ ಕೊಪ್ಪದ ಹನ್ನೆರಡು ಮನೆಗಳಲ್ಲಿ ಈಜು ಬಾರದ ಹೆಣ್ಣು ಇಲ್ಲದ ಹಾಗಾಯಿತು.

ಕಲಿಸುತ್ತಿದ್ದದ್ದು ಹಂಡೆಗುಂಡಿಯಲ್ಲಿ. ಕೊಪ್ಪದಿಂದ ಹಳ್ಳದ ಗುಂಟ ಒಂದು ತಾಸು ಹತ್ತಿದರೆ ಗುಡ್ಡಗಳು ಎರಡೂ ಕಡೆಯಿಂದ ಒತ್ತಿ ಬಂದು ಕೊಳ್ಳವಾಗುತ್ತಿತ್ತು. ಕಲ್ಲಿನಿಂದ ಕಲ್ಲಿಗೆ ದಾಟುತ್ತ, ಕೆಲವು ಕಡೆ ಬೇರು ಹಿಡಿದು ಏರುತ್ತ ಹೋಗಬೇಕು. ಕೊನೆಗೆ ಮೂರಾಳೆತ್ತರದ ಒಂದು ಅಬ್ಬಿ. ಅದು ಬೀಳುವಲ್ಲಿ ಹಂಡೆಯ ಹಾಗೆ ದುಂಡಗಿನ ಮಡು. ನಡುವಿನ ಆಳ ನಾಲ್ಕಾಳು ಎನ್ನುವವರಿದ್ದರು, ಏಳಾಳು ಎನ್ನುವವರೂ ಇದ್ದರು. ಒಂದು ಬದಿಗೆ ಇಪ್ಪತ್ತು ಜನ ಕೂರಬಹುದಾದ ಚಪ್ಪಟೆ ಬಂಡೆ. ಅದನ್ನು ಮಣೆಗಲ್ಲು ಎನ್ನುತ್ತಿದ್ದರು. ಮಣೆಗಲ್ಲಿನ ಪಕ್ಕದಲ್ಲಿ ನೀರು ಸೊಂಟದ ಮಟ್ಟದಿಂದ ಶುರುವಾಗಿ ಮೆಲ್ಲಗೆ ಆಳಕ್ಕೆ ಇಳಿಯುತ್ತಿತ್ತು; ಕಲಿಯುವವರಿಗೆಂದೇ ಯಾರೋ ಮಾಡಿಟ್ಟ ಹಾಗೆ. ಮಳೆಗಾಲ ಇಳಿದು ನೀರು ತಿಳಿಯಾದ ಮೇಲೆ, ನವರಾತ್ರಿಯ ಹೊತ್ತಿಗೆ, ಹೆಂಗಸರೆಲ್ಲ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗುವರು. ಈಜಿ ದಣಿದು, ಮಣೆಗಲ್ಲಿನ ಮೇಲೆ ಕೂದಲು ಒಣಗಿಸುತ್ತ ಹಾಡು ಹೇಳುವರು. ವರ್ಷದಲ್ಲಿ ಆ ನಾಲ್ಕೈದು ದಿನ ಮಾತ್ರ ಅವರಿಗೆ ಯಾರೂ ಕೆಲಸ ಹೇಳುತ್ತಿರಲಿಲ್ಲ.

ಸಾವಿರದ ಒಂಬೈನೂರ ಅರವತ್ತಮೂರರ ನವರಾತ್ರಿಗೆ ಹೊಸಬಳೊಬ್ಬಳು ಬಂದಳು. ಕಡಲಂಚಿನ ಬಾಡ ಎಂಬ ಊರಿನಿಂದ ಮೀನಿನ ಬುಟ್ಟಿ ಹೊತ್ತು ಬರುತ್ತಿದ್ದ ಕಮಲಿ. ವಾರಕ್ಕೆರಡು ಸಲ ಕೊಪ್ಪಕ್ಕೆ ಒಣಮೀನು ತಂದು, ಬದಲಿಗೆ ಬದನೆ, ಬಸಳೆ ಒಯ್ಯುತ್ತಿದ್ದಳು. ಆ ಬೇಸಿಗೆಯಲ್ಲಿ ಅವಳ ಗಂಡನ ದೋಣಿ ಅಳಿವೆಯಲ್ಲಿ ಮಗುಚಿ, ಅವನು ಈಜಿ ಬಂದು ಬದುಕಿದ್ದ.

"ನೀ ಸಮುದ್ರದ ಬಾಯಲ್ಲೇ ಇದ್ದವಳು. ನಿಂಗೆ ಈಜು ಬರೂದಿಲ್ಲ ಅಂದ್ರೆ ಯಾರು ನಂಬ್ತ್ರು?" ಎಂದು ಬಂಗಾರಿ ಕೇಳಿದ್ದಳು.

"ನಮ್ಮಲ್ಲಿ ಗಂಡಸ್ರು ನೀರಿಗೆ, ಹೆಂಗಸ್ರು ಪ್ಯಾಟಿಗೆ, ಬಂಗಾರಕ್ಕ. ಆ ದಿನ ದಂಡೆ ಮೇಲೆ ನಿಂತು ಕೂಗೂದು ಬಿಟ್ರೆ ನಂಗೆ ಎಂತ ಮಾಡೂಕೂ ಆಗ್ಲಿಲ್ಲ. ಕಲಿಸ್ತ್ಯಾ?"

"ಬಾ. ಮೂರು ದಿನದಲ್ಲಿ ತೇಲಿಸ್ತೆ."

ಉಳಿದ ಹೆಂಗಸರು ಎರಡು ದಿನ ಹೋಗಿಬಂದು ಸುಸ್ತಾಗಿದ್ದರು. ಮೂರನೆಯ ದಿನ ಹೊರಟವರು ಬಂಗಾರಿ, ಅವಳ ಹದಿನೆಂಟರ ಮಗಳು ಲಕ್ಕಿ ಮತ್ತು ಕಮಲಿ ಮಾತ್ರ. ಈರನೂ ಜೊತೆಗೆ ಹೊರಟ. ಅಬ್ಬಿಯ ಮೇಲ್ಗಡೆ ಕಾಡಿನಲ್ಲಿ ಬುಟ್ಟಿ ಹೆಣೆಯುವ ವಾಟೆಬಿದಿರು ಕಡಿಯುವುದು ಅವನ ಕೆಲಸ. ಮಡುವಿನ ಹತ್ತಿರ ಬಂದವನು ತಲೆ ತಗ್ಗಿಸಿಕೊಂಡು, "ನಾ ನೋಡ್ಲಿಲ್ಲ, ಈಜ್ಕಳಿ" ಎಂದು ನಗಾಡಿ, ಬಂಡೆಯ ಬದಿಯ ಕಾಲುದಾರಿ ಹತ್ತಿ ಮೇಲೆ ಹೋದ.

ಬೆಳಗ್ಗೆ ಬಿಸಿಲಿತ್ತು. ಊಟದ ಹೊತ್ತು ದಾಟುವಾಗ ಮೇಲಿನ ಗುಡ್ಡಗಳ ಕಡೆ ಮೋಡ ಕಟ್ಟಿ ಗುಡುಗಿತು. ಚಿತ್ತಾ ಮಳೆಯ ಕಾಲದಲ್ಲಿ ಮಧ್ಯಾಹ್ನದ ಗುಡುಗು ಹೊಸದಲ್ಲ. ಕೊಳ್ಳದಲ್ಲಿ ನಾಲ್ಕು ಹನಿಯೂ ಬೀಳಲಿಲ್ಲ. ಕಮಲಿ ಬಂಗಾರಿಯ ಅಂಗೈ ಮೇಲೆ ಬೆನ್ನುಕೊಟ್ಟು ಮಲಗಿದ್ದಳು. ಕುತ್ತಿಗೆ ಕಲ್ಲಿನ ಹಾಗೆ ಬಿಗಿದುಕೊಂಡಿತ್ತು.

"ಕುತ್ತಿಗೆ ಸಡ್ಲ ಬಿಡು. ಆಕಾಶ ನೋಡು. ನೀರೇ ಹಿಡ್ಕಂತದೆ."

"ನೀ ಕೈ ತೆಗೂಕಿಲ್ಲ, ಹಾಂ?"

"ಆವಾಗ್ಲೇ ತೆಗ್ದೆ."

ಕಮಲಿ ಬೆಚ್ಚಿ ಒಮ್ಮೆ ಕಾಲು ಬಡಿದು, ಮುಳುಗಲಿಲ್ಲವೆಂದು ತಿಳಿದು, ನೀರಿನ ಮೇಲೆ ಮಲಗಿಕೊಂಡೇ ನಗತೊಡಗಿದಳು. ಲಕ್ಕಿ ಬಂಡೆಯ ಮೇಲಿಂದ ಚಪ್ಪಾಳೆ ಹೊಡೆದಳು.

ಬಂಗಾರಿ ನಗಲಿಲ್ಲ. ಅವಳ ಕಣ್ಣು ಮಣೆಗಲ್ಲಿನ ಅಂಚಿನ ಮೇಲಿತ್ತು. ನೀರಿನ ಮಟ್ಟಕ್ಕೆ ಯಾವಾಗಲೂ ಇರುವ ಪಾಚಿಯ ಗೆರೆಯ ಕೆಳಗೆ ಒಂದು ಗೇಣು ಒದ್ದೆ ಕಲ್ಲು ಕಾಣುತ್ತಿತ್ತು. ಅಬ್ಬಿಯ ಕಡೆ ತಿರುಗಿದಳು. ಅಬ್ಬಿ ಸಣ್ಣಗಾಗಿತ್ತು. ನೋಡುತ್ತಿದ್ದಂತೆ ಹೆಣೆದ ಜಡೆಯಷ್ಟಾಯಿತು, ಆಮೇಲೆ ಬೆರಳಿನಷ್ಟು. ಮೇಲೆ ಮಳೆ ಹೊಯ್ಯುತ್ತಿದೆ, ಇಲ್ಲಿ ಹಳ್ಳ ಬತ್ತುತ್ತಿದೆ. ಕೊಳ್ಳ ಒಮ್ಮೆಲೆ ಎಷ್ಟು ನಿಶ್ಶಬ್ದವಾಯಿತೆಂದರೆ ಕಮಲಿಯ ನಗು ಬೇರೆ ಯಾರದೋ ಎನ್ನಿಸಿತು.

ಇಂಥದ್ದನ್ನು ಬಂಗಾರಿ ನೋಡಿರಲಿಲ್ಲ, ಕೇಳಿರಲೂ ಇಲ್ಲ. ಆದರೆ ನೀರು ಎಲ್ಲೋ ನಿಂತಿದೆ, ನಿಂತದ್ದು ಬರಲೇಬೇಕು ಎಂಬುದು ಅವಳಿಗೆ ಹೊಳೆಯಿತು.

"ಏಳೇ! ಮೇಲೆ ಹತ್ತಿ! ಬಟ್ಟೆ ಬೇಡ, ಬುಟ್ಟಿ ಬೇಡ, ಹತ್ತಿ!"

"ಎಂತ ಆತು, ಅವ್ವೀ?" ಲಕ್ಕಿ ಕೇಳಿದಳು.

ಉತ್ತರಿಸಲು ಪುರುಸೊತ್ತಿರಲಿಲ್ಲ. ಕಮಲಿಯ ರಟ್ಟೆ ಹಿಡಿದು ಎಳೆದು, ಬದಿಯ ಗೋಡೆಯಂಥ ದರೆಯಲ್ಲಿ ಬೇರು ಹಿಡಿಸಿ ಹಿಂದಿನಿಂದ ನೂಕಿದಳು. ಒದ್ದೆ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಹತ್ತಾಳೆತ್ತರ ಹತ್ತಿರಬೇಕು, ಆಗ ಮೊದಲು ಬಂದದ್ದು ವಾಸನೆ. ಹಸಿಮಣ್ಣಿನದು, ಜಜ್ಜಿದ ಎಲೆಯದು. ಆಮೇಲೆ ಕೈಯಲ್ಲಿ ಹಿಡಿದ ಬೇರು ನಡುಗಿತು.

ಅಬ್ಬಿಯ ತಲೆಯ ಮೇಲೆ ಬಂದದ್ದು ನೀರಿನ ಹಾಗಿರಲಿಲ್ಲ. ಕೆಂಪು ಕೆಸರಿನ ಒಂದು ರಾಶಿ, ಅದರ ತುಂಬ ಬುಡಮೇಲಾದ ಮರಗಳು, ಮನೆಯಷ್ಟು ದೊಡ್ಡ ಕಲ್ಲುಗಳು. ಅದು ಹಂಡೆಗುಂಡಿಗೆ ಬಿದ್ದಾಗ ಹಸಿರು ನೀರು ಒಂದೇ ಸಲ ಗೋಡೆಯ ಹಾಗೆ ಎದ್ದು ಇವರ ಕಾಲಿನವರೆಗೆ ಸಿಡಿಯಿತು. ಆಮೇಲೆ ಹಸಿರು ಕಾಣಲಿಲ್ಲ. ಮಣೆಗಲ್ಲು ಒಂದು ಬದಿಗೆ ಎದ್ದಿತು. ಮಲಗಿದ ಎಮ್ಮೆ ಏಳುವಂತೆ ಮೆಲ್ಲಗೆ ಎದ್ದು, ನಿಂತು, ಮಗುಚಿ, ಹೋಯಿತು. ಅದು ಅಲುಗಾಡಬಹುದೆಂದು ಬಂಗಾರಿ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಅಂದುಕೊಂಡವಳಲ್ಲ. ಅವಳು ಬಾಯಿ ತೆರೆದು ಕೂಗಿದಳು. ಪಕ್ಕದಲ್ಲಿದ್ದ ಲಕ್ಕಿಗೂ ಆ ಕೂಗು ಕೇಳಲಿಲ್ಲ.

ಎಷ್ಟು ಹೊತ್ತು ಹಾಗೆ ಬೇರಿಗೆ ಅಂಟಿಕೊಂಡಿದ್ದರೋ. ಸದ್ದು ಸ್ವಲ್ಪ ಇಳಿದಾಗ ಲಕ್ಕಿ ಹೇಳಿದಳು: "ಅವ್ವೀ, ಅಪ್ಪ ಮೇಲೆ ಇದ್ದ."

ಅದು ಬಂಗಾರಿಗೆ ಗೊತ್ತಿಲ್ಲದ್ದಲ್ಲ. ಮಗಳ ಬಾಯಿಂದ ಬಂದಾಗ ಮಾತ್ರ ಬೇರು ಹಿಡಿದ ಕೈ ಬಿಟ್ಟುಬಿಟ್ಟಳು. ಕಮಲಿ ಅವಳ ಸೊಂಟ ಬಳಸಿ ಹಿಡಿದುಕೊಂಡಳು. ಅಬ್ಬಿಯ ಮೇಲಕ್ಕೆ ಹೋಗುವ ಕಾಲುದಾರಿ ಉಳಿದಿರಲಿಲ್ಲ. ಮೂವರೂ ಗುಡ್ಡದ ನೆತ್ತಿಗೆ ಹತ್ತಿ, ದಾರಿಯಿಲ್ಲದ ಕಾಡಿನಲ್ಲಿ ಮುಳ್ಳು ತರಚಿಸಿಕೊಂಡು, ಕತ್ತಲಾಗುವ ಮುಂಚೆ ಕೊಪ್ಪ ಸೇರಿದರು. ಅಲ್ಲಿ ಹಳ್ಳದ ಅಂಚಿನ ಗದ್ದೆಗಳ ಮೇಲೆಲ್ಲ ಕೆಸರು ನಿಂತಿತ್ತು. ಕೊಯ್ಲಿಗೆ ಬಂದ ಭತ್ತದ ತೆನೆಯೊಂದೂ ಕಾಣುತ್ತಿರಲಿಲ್ಲ. ಈರ ಬಂದಿರಲಿಲ್ಲ.

ಬೆಳಕು ಹರಿಯುತ್ತಲೇ ಬಂಗಾರಿ ಹೊರಟಳು. ಜೊತೆಗೆ ಲಕ್ಕಿ, ಈರನ ತಮ್ಮ ಜಟ್ಟ. ಮನೆಗೆ ಹೋಗು ಎಂದರೂ ಕೇಳದೆ ಕಮಲಿ ಹಿಂದೆ ಬಂದಳು. ಹಳೆಯ ದಾರಿ ಎಲ್ಲೂ ಇರಲಿಲ್ಲ. ಅವರು ದಾಟಿ ದಾಟಿ ಸವೆಸಿದ ಕಲ್ಲುಗಳಿರಲಿಲ್ಲ, ಹಿಡಿದು ಹತ್ತುತ್ತಿದ್ದ ಬೇರುಗಳಿರಲಿಲ್ಲ. ಎರಡೂ ದಡ ಚರ್ಮ ಸುಲಿದ ಹಾಗೆ ಕೆಂಪಗಿತ್ತು. ಎರಡು ತಾಸು ನಡೆದ ಮೇಲೆ ಕೊಳ್ಳದೊಳಗೇ ಒಂದು ಬಯಲು ಬಂತು: ಉರುಟು ಕಲ್ಲು, ಮರಳು, ಸಿಪ್ಪೆ ಕಿತ್ತ ಮರದ ದಿಮ್ಮಿಗಳು. ಕೆಸರುನೀರು ಒಂದು ಬದಿಯಲ್ಲಿ ಕಣಕಾಲು ಮುಳುಗುವಷ್ಟು ಹರಿಯುತ್ತಿತ್ತು.

"ಹಂಡೆಗುಂಡಿ ಇನ್ನೂ ಮೇಲೆ ಅದೆ, ಅತ್ತಿಗೆ. ನಡೀರಿ," ಎಂದ ಜಟ್ಟ.

ಬಂಗಾರಿ ನಡೆಯಲಿಲ್ಲ. ಬಯಲಿನ ಆಚೆ ತುದಿಯಲ್ಲಿ ನೀರು ಒಂದು ಬಂಡೆಯಿಂದ ಕೆಳಕ್ಕೆ ಬೀಳುತ್ತಿತ್ತು. ಆಳೆತ್ತರ ಇದ್ದೀತು. ಬಂಡೆಯ ನೆತ್ತಿಯಲ್ಲಿ ಕಮಾನಿನ ಹಾಗೆ ಬಿಳಿಯ ಪಟ್ಟೆ ಇತ್ತು. ಆ ಪಟ್ಟೆಯನ್ನು ಅವಳು ಇಪ್ಪತ್ತು ವರ್ಷ ನೀರಲ್ಲಿ ಮಲಗಿಕೊಂಡು, ಕತ್ತೆತ್ತಿ, ಮೂರಾಳೆತ್ತರದಲ್ಲಿ ನೋಡಿದ್ದಳು. ಈಗ ಅದು ಕಣ್ಣಿನ ಮಟ್ಟಕ್ಕೆ ಇತ್ತು.

"ಇದೇ," ಎಂದಳು.

"ಯಾವ್ದು?"

"ಇದೇ ಜಟ್ಟ. ನಾವು ಅದ್ರ ಮೇಲೇ ನಿಂತಿದ್ದು."

ಜಟ್ಟ ಕಾಲ ಕೆಳಗಿನ ಕಲ್ಲು ನೋಡಿದ, ಅಬ್ಬಿ ನೋಡಿದ, ಮತ್ತೆ ಕಲ್ಲು ನೋಡಿದ. ಲಕ್ಕಿ ಕೂತು ಎರಡೂ ಕೈಯಿಂದ ಕಲ್ಲು ತೆಗೆದು ತೆಗೆದು ಬದಿಗೆ ಎಸೆಯತೊಡಗಿದಳು. ಹತ್ತು ಕಲ್ಲು ಎಸೆದಿರಬೇಕು. ಅದರ ಕೆಳಗೂ ಕಲ್ಲೇ. ಕಮಲಿ ಅವಳ ಕೈ ಹಿಡಿದು ನಿಲ್ಲಿಸಿದಳು.

ಆಗ ಆಚೆ ದಡದ ದಿಮ್ಮಿಗಳ ನಡುವೆ ಏನೋ ಅಲುಗಾಡಿತು. ಮೈತುಂಬ ಕೆಸರು ಒಣಗಿದ ಒಬ್ಬ ಮನುಷ್ಯ. ಎಡಗೈಯನ್ನು ಬಲಗೈಯಿಂದ ಎದೆಗೆ ಒತ್ತಿಕೊಂಡಿದ್ದ. ನಿಂತು ಇವರನ್ನು ನೋಡಿ, ನೇರವಾಗಿ ಇವರ ಕಡೆ ನಡೆದು ಬರತೊಡಗಿದ.

"ಅಪ್ಪಾ!" ಲಕ್ಕಿ ಕೂಗಿದಳು.

ಬಂಗಾರಿಯೂ ಕೂಗಿದಳು. ಅವಳ ಬಾಯಿಂದ ಬಂದದ್ದು ಬೇರೆಯೇ.

"ಲಕ್ಕಿ ಅಪ್ಪಾ, ಬರಬ್ಯಾಡ! ಅಲ್ಲಿ ಆಳ ಅದೆ! ಸುತ್ತಿ ಬಾ, ಬದಿಗೆ ಸುತ್ತಿ ಬಾ!"

ಈರ ಗಕ್ಕನೆ ನಿಂತ. ಅವನಿದ್ದದ್ದು ಸರಿಯಾಗಿ ನಟ್ಟನಡುವೆ. ಯಾರೂ ಕಾಲೂರಿರದ, ಈಜುವವರೂ ಬೇಗ ದಾಟಿಬಿಡುತ್ತಿದ್ದ ಜಾಗದಲ್ಲಿ ಅವನು ಎರಡು ಕಾಲ ಮೇಲೆ ನಿಂತಿದ್ದ. ಸುತ್ತ ನೋಡಿದ. ತಾನೆಲ್ಲಿದ್ದೇನೆಂದು ಅವನಿಗೂ ಆಗಲೇ ತಿಳಿದದ್ದು. ಮುಂದೆ ಹೆಜ್ಜೆ ಇಡಲು ಆಗದೆ ಅಲ್ಲೇ ಕುಸಿದು ಕೂತ. ನಾಲ್ವರೂ ಓಡಿದರು. ಬಂಗಾರಿ ಆ ನಡುವಿನವರೆಗೆ ಓಡಿದ್ದು ಹೇಗೆಂದು ಅವಳಿಗೆ ಆಮೇಲೆ ನೆನಪಾಗಲಿಲ್ಲ.

ಅವನ ಎಡಗೈ ಮುರಿದಿತ್ತು, ಮಾತು ತುಂಡು ತುಂಡಾಗಿ ಬರುತ್ತಿತ್ತು.

"ಗುಡ್ಡೆ ನಡೀತು. ಕಣ್ಣಾರೆ ಕಂಡೆ. ಮರ ಎಲ್ಲ ನಿಂತ ಹಾಂಗೇ ಇತ್ತು, ನಿಂತ್ಕಂಡೇ ಕೆಳಗೆ ಬಂತು. ಹಳ್ಳಕ್ಕೆ ಅಡ್ಡ ಬಿತ್ತು. ನೀರು ತುಂಬ್ತಾ ಅದೆ, ನೀವು ಕೆಳಗೆ ಇದ್ರಿ. ಕೂಗ್ದೆ. ಓಡಿ ಬರೂಕೆ ನೋಡ್ದೆ, ಬಿದ್ದೆ. ಅಷ್ಟ್ರಲ್ಲಿ ಒಡೀತು. ರಾತ್ರಿ ಇಡೀ ನೀವಿಲ್ಲ ಅಂದ್ಕಂಡೇ ಇದ್ದೆ," ಎಂದ.

ಜಟ್ಟ ವಾಟೆಬಿದಿರು ಸೀಳಿ ಕೈಗೆ ಕಟ್ಟಿದ. ಕಮಲಿ ತನ್ನ ಸೆರಗಿನ ಅಂಚು ಹರಿದು ಕೊಟ್ಟಳು. ಬದುಕಿ ಉಳಿದ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ ಬಂಗಾರಿಗೆ ಅಳು ಬರಲಿಲ್ಲ, ನಗುವೂ ಬರಲಿಲ್ಲ. ಕೈ ಕಲ್ಲುಗಳ ಮೇಲೆ ಸವರುತ್ತಲೇ ಇತ್ತು.

ಕೊಪ್ಪದಲ್ಲಿ ಯಾರೂ ಸಾಯಲಿಲ್ಲ. ಮುಂದಿನ ಮಳೆಗೆ ಎಲ್ಲ ಕೊಚ್ಚಿಹೋಗಿ ಗುಂಡಿ ಮತ್ತೆ ಮೊದಲಿನ ಹಾಗೆ ಆಗುತ್ತದೆ ಎಂದರು ಕೆಲವರು. ಮುಂದಿನ ಮಳೆ ಇನ್ನಷ್ಟು ಮರಳು ತಂದು ಹಾಕಿತು. ಆ ನವರಾತ್ರಿಗೆ ಬುತ್ತಿ ಕಟ್ಟುವ ಮಾತನ್ನು ಯಾರೂ ಎತ್ತಲಿಲ್ಲ. ಸೌದೆಗೆ ಹೋದ ಹುಡುಗಿಯರು ಕಲ್ಲುಬಯಲಿನ ಮೇಲೆ ನೇರ ದಾಟಿ ಬರುತ್ತಿದ್ದರು. ಬಂಗಾರಿಗೆ ಮಾತ್ರ ಕಾಲು ಬರುತ್ತಿರಲಿಲ್ಲ. ಹಳೆಯ ದಡದ ಗುಂಟ ಸುತ್ತಿ ಬರುತ್ತಿದ್ದಳು.

ಒಂದು ದಿನ ಕಮಲಿ ಬುಟ್ಟಿ ಇಳಿಸಿ, ಮೀನು ತೋರಿಸದೆ, ಎದುರು ಕೂತಳು.

"ಅರ್ಧ ಕಲಿಸಿ ಬಿಟ್ಟೆ ನೀನು. ನಮ್ಮಲ್ಲಿ ಗಜನಿ ಗದ್ದೆ ಬದಿಗೆ ಸಮುದ್ರದ ಉಪ್ಪುನೀರು ಒಳಗೆ ಬರೂ ಕೋಡಿ ಅದೆ. ಇಳಿತ ಇದ್ದಾಗ ಸೊಂಟದ ಮಟ್ಟ. ನಮ್ಮ ಕೇರಿಯ ದೇವಿ, ಮಾದೇವಿ, ಇನ್ನೂ ನಾಲ್ಕು ಜನ ಕೇಳ್ತಾ ಇದ್ರು. ಬಾ."

"ನಂಗೆ ಉಪ್ಪುನೀರು ಗೊತ್ತಿಲ್ಲ ಮಾರಾಯ್ತಿ."

"ನಂಗೆ ಎಂತ ಗೊತ್ತಿತ್ತು ಆ ದಿನ? ನಾಳೆ ಬೆಳಗ್ಗೆ ಇಳಿತ. ಬಸ್ಸಿಗೆ ನಾ ಕರ್ಕಂಡ್ ಹೋಗ್ತೆ."

ಬಂಗಾರಿ ಲಕ್ಕಿಯನ್ನೂ ಕರೆದುಕೊಂಡು ಹೋದಳು. ಕೋಡಿಯ ನೀರು ಬೂದುಬಣ್ಣದ್ದು, ಬೆಚ್ಚಗಿತ್ತು, ತಳ ಕೆಸರು. ಇಟ್ಟ ಕಾಲು ಹೂತುಹೋಗುತ್ತಿತ್ತು. ಆ ಮೆತ್ತನೆ ತಳ ಅವಳಿಗೆ ಸ್ವಲ್ಪವೂ ಹಿಡಿಸಲಿಲ್ಲ. ಮೊದಲ ಗುಟುಕು ಬಾಯಿಗೆ ಹೋದಾಗ ಉಗುಳಿ, "ಥೂ, ಇದ್ರಲ್ಲಿ ಹ್ಯಾಂಗೆ ಇರ್ತ್ರಿ ನೀವು?" ಎಂದಳು. ದಡದಲ್ಲಿ ಸಾಲಾಗಿ ನಿಂತ ಹೆಂಗಸರು ನಕ್ಕರು. ಕಮಲಿಯ ನೆರೆಯವಳು ದೇವಿ ಎಲ್ಲರಿಗಿಂತ ಹಿಂದೆ, ಸೆರಗು ಬಿಗಿಯಾಗಿ ಹಿಡಿದು, ಬಿಳಿಚಿಕೊಂಡು ನಿಂತಿದ್ದಳು. ಬಂಗಾರಿ ಕೆಸರಿನಲ್ಲಿ ಕಾಲು ಕೀಳುತ್ತ ಅವಳ ಹತ್ತಿರ ಹೋಗಿ ಕೈ ಚಾಚಿದಳು.

"ಬಾ ತಂಗಿ. ಮೊದ್ಲು ಕಾಲು ಚಾಚೂಕೆ ಕಲಿ. ನೆಲ ಎಲ್ಲದೆ ಅಂತ ನೋಡ್ಕ."