ಅಮ್ಮಯಮ್ಮನ ಒಳಲೆ

ದೊಡ್ಡಬಳ್ಳಾಪುರದ ಕದಿರಮ್ಮನಿಗೆ ಬೆಳ್ಳಿ ಚಮಚಗಳ ಹುಚ್ಚು ಎಂದು ಬೀದಿಯೆಲ್ಲ ಆಡಿಕೊಳ್ಳುತ್ತಿತ್ತು. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕಲಾದೀತೆ? ಹಳೆ ಬೆಳ್ಳಿ ಕರಗಿಸುವ ಅಂಗಡಿಗಳ ಮುಂದೆ ಕಾದು ನಿಂತು, ಪಾಯಸದ ಚಮಚ, ತುಪ್ಪದ ಮಿಳ್ಳೆ, ಹಿಡಿಯ ಮೇಲೆ ನವಿಲು ಕೂತ ಪುಟ್ಟ ಸೌಟು, ಹೀಗೆ ಬೆಂಕಿಗೆ ಬೀಳಲಿದ್ದವನ್ನೆಲ್ಲ ಕೊಂಡು ತಂದು ಗಾಜಿನ ಬೀರುವಿನಲ್ಲಿ ಇಟ್ಟಿದ್ದಳು. ಆದರೆ ಅವಳು ಹುಡುಕುತ್ತಿದ್ದುದು ಕೂಸಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆಯೊಂದನ್ನು.

ಅದು ಅವಳ ತಾಯಿ ಅಮ್ಮಯಮ್ಮನದು. ತಮ್ಮೂರು ಸಾಸಲಿನಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಕೊಡುತ್ತಿದ್ದಳು. ಹಿಂದಿರುಗಿಸುವವರು ಅದರಲ್ಲಿ ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುವುದು ರೂಢಿ. ಹೀಗೆ ಕೈಯಿಂದ ಕೈಗೆ ಹೋದದ್ದು ಒಮ್ಮೆ ಬರಲೇ ಇಲ್ಲ. ಯಾರ ಮನೆಯಲ್ಲಿ ಉಳಿಯಿತೋ ತಿಳಿಯದೆ, ಆ ಕೊರಗಿನಲ್ಲೇ ಅಮ್ಮಯಮ್ಮ ಕಣ್ಣು ಮುಚ್ಚಿದಳು. ತಂದೇ ತೀರುತ್ತೇನೆಂದು ಕದಿರಮ್ಮ ಅಂದೇ ಹಟ ತೊಟ್ಟಳು. ಇಟ್ಟುಕೊಂಡವರು ಸಿಕ್ಕರೆ ಬೈಯಬೇಕಾದ ಮಾತುಗಳನ್ನೂ ಜೋಡಿಸಿಟ್ಟುಕೊಂಡಳು. ಒಂದು ಒಳಲೆಗಾಗಿ ತಾಲ್ಲೂಕೆಲ್ಲ ಸುತ್ತುತ್ತಾಳೆಂದು ಗಂಡ ಮುನಿಶಾಮಪ್ಪ ನಗುತ್ತಿದ್ದ. ಅವಳು ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುತ್ತಿದ್ದಳು.

ತೊಂಬತ್ತಮೂರನೇ ಇಸವಿಯಲ್ಲಿ ಆವತಿಯ ಒಂದು ನಾಮಕರಣಕ್ಕೆ ಹೋದಳು. ಮನೆಯ ಹಿರಿಯಳು ಮುನಿತಾಯಮ್ಮ ಮೊಮ್ಮಗಳಿಗೆ ಒಳಲೆಯಲ್ಲಿ ಹಾಲು ಹಾಕುತ್ತಿದ್ದಳು. ಕದಿರಮ್ಮ ಮಗು ಕುಡಿದು ಮುಗಿಸುವವರೆಗೆ ಕಾದು, ಒಳಲೆ ಇಸಿದುಕೊಂಡು ತಿರುವಿ ನೋಡಿದಳು. ತಳದಲ್ಲಿ ಅಮ್ಮನ ಹೆಸರು ಕೊರೆದಿತ್ತು.

"ಇದು ನಮ್ಮಮ್ಮಂದು."

ಮುದುಕಿ ವಾದಿಸಲಿಲ್ಲ. ಒಳಲೆ ಕಾಣೆಯಾದ ಕಾಲಕ್ಕೆ ಅವಳ ಸಂಸಾರ ಸಾಸಲಿನಲ್ಲಿತ್ತಂತೆ. ಪಕ್ಕದ ಮನೆಯವರಿಂದ ಒಳಲೆ ಇಸಿದುಕೊಂಡ ವರ್ಷವೇ ಗಂಡ ತೀರಿಕೊಂಡು, ಕೂಸಿನೊಂದಿಗೆ ತವರಿಗೆ ಬಂದಳಂತೆ.

"ಮನೇಲಿ ಒಂದ್ ಚಿಟಿಕೆ ಸಕ್ಕರೆ ಇರ್ಲಿಲ್ಲ ಕಣವ್ವ. ಬರೀ ಒಳಲೆ ಹೆಂಗ್ ಕೊಡ್ಲಿ ಅಂತ ನಾಳೆ ನಾಳೆ ಅಂದೆ. ಸಕ್ಕರೆ ಬರೋ ಹೊತ್ಗೆ ಮುಖ ತೋರ್ಸಕ್ಕೆ ನಾಚಿಕೆ ಆಗೋಯ್ತು."

ಅಷ್ಟು ಹೇಳಿ ಒಳಲೆಯನ್ನು ತೊಳೆದು, ಒರೆಸಿ, ಕಂಠಮಟ್ಟ ಸಕ್ಕರೆ ತುಂಬಿ ಎರಡೂ ಕೈಯಲ್ಲಿ ಹಿಡಿದು ನಿಂತಳು. ಜೋಡಿಸಿಟ್ಟುಕೊಂಡಿದ್ದ ಬೈಗುಳಗಳಲ್ಲಿ ಒಂದೂ ಕದಿರಮ್ಮನ ಬಾಯಿಗೆ ಬರಲಿಲ್ಲ. ಈ ಹೆಂಗಸಿನ ಮೇಲೆ ಇಷ್ಟು ವರ್ಷ ಹಲ್ಲು ಕಡಿದದ್ದು ನೆನೆದು ಅವಳಿಗೆ ಅಳು ಬಂತು.

ಸೆರಗೊಡ್ಡಿ ಸಕ್ಕರೆಯನ್ನೆಲ್ಲ ಸುರಿಸಿಕೊಂಡಳು. ಖಾಲಿ ಒಳಲೆಯನ್ನು ಮತ್ತೆ ತೊಟ್ಟಿಲ ಪಕ್ಕ ಇಟ್ಟಳು.

"ಮಗೀಗೆ ಹಲ್ಲು ಬರೋಗಂಟ ಇಟ್ಕೊಳಿ. ಆಮೇಲೆ ನಾನೇ ಬರ್ತೀನಿ, ಬಿಡಲ್ಲ. ಬರಿದೇ ಕೊಟ್ರೂ ಇಸ್ಕೊಂತೀನಿ."