ಎಡದವಡೆಯ ಗುಳಿ

೨೦೧೯ರ ಮಾರ್ಚ್ ೧೪, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ದಂತವೈದ್ಯೆಯಾದ ಸೊಸೆ ತನ್ನ ಅತ್ತೆಯ ತೋಳಿಗೆ ಸೂಜಿ ಚುಚ್ಚಿದಳು.

ಅತ್ತೆಗೆ ಕೆಳಗಿನ ಹಲ್ಲೆಲ್ಲ ಹೋಗಿ, ದವಡೆಯ ಎರಡೂ ಬದಿ ಮೂಳೆ ಕರಗಿ ಗುಳಿ ಬಿದ್ದಿತ್ತು. ಗುಳಿಯಲ್ಲಿ ಮೂಳೆ ತುಂಬಿದರೆ ಅದಕ್ಕೆ ಲೋಹದ ತಿರುಪು ಕೂರಿಸಿ ಗಟ್ಟಿ ಹಲ್ಲು ಕಟ್ಟಬಹುದು. ಒಂದು ಬದಿ ಕೈಕೊಟ್ಟರೂ ಅದಾಗದು. ರೋಗಿಯದೇ ರಕ್ತವನ್ನು ಯಂತ್ರದಲ್ಲಿ ತಿರುಗಿಸಿದಾಗ ನಳಿಗೆಯ ನಡುವೆ ಹಳದಿ ಲೋಳೆಯಂಥ ಫೈಬ್ರಿನ್ ಕಟ್ಟುತ್ತದೆ. ಪ್ಲೇಟ್‌ಲೆಟ್ ತುಂಬಿದ ಅದನ್ನು ಗುಳಿಯಲ್ಲಿಟ್ಟು ಹೊಲಿದರೆ ಮೂಳೆ ಬೆಳೆಯಲು ಆಸರೆ. ಬಲಗಡೆಗೆ ಹಿಂದಿನ ತಿಂಗಳೇ ಹಾಗೆ ಮಾಡಿಯಾಗಿತ್ತು, ಇವತ್ತು ಎಡಗಡೆಯ ಸರದಿ. ಕಷ್ಟ ಒಂದೇ: ಹೆಪ್ಪುಗಟ್ಟದಂತೆ ಏನನ್ನೂ ಬೆರೆಸದ ರಕ್ತ ಅದು, ತೆಗೆದ ಕೂಡಲೇ ಯಂತ್ರಕ್ಕೆ ಹೋಗಬೇಕು; ತಡವಾದರೆ ಹಾಗೇ ಹೆಪ್ಪುಗಟ್ಟಿ ಫೈಬ್ರಿನ್ ಬೇರೆಯಾಗದು.

ನಳಿಗೆಗಳು ತುಂಬಿದವು. ಅತ್ತೆ ನರ್ಸ್ ಕಡೆ ತಿರುಗಿದರು.

"ನೀನೇ ಮೆಷಿನ್ ಹತ್ರ ನಿಂತ್ಕೊಳ್ಳಮ್ಮ. ಇವಳು ಹಾಲು ಉಕ್ಕಿಸದೆ ಕಾಯಿಸಿದ ದಿನ ಇಲ್ಲ ನಮ್ಮನೇಲಿ."

ನರ್ಸ್ ನಗು ತಡೆದುಕೊಂಡಳು. ಸೊಸೆಗೆ ಅದು ಕಾಣಿಸಿತು. ಮನೆಯಲ್ಲಾಗಿದ್ದರೆ ನುಂಗಿಕೊಳ್ಳುತ್ತಿದ್ದಳು, ಆದರೆ ಇದು ಅವಳದೇ ಕ್ಲಿನಿಕ್. ನಳಿಗೆಗಳನ್ನು ಮುಷ್ಟಿಯಲ್ಲಿ ಹಿಡಿದೇ ನಿಂತಳು.

"ಅತ್ತೆ, ನಿಮ್ಮ ಮಗ ದಿನಾ ಊಟಕ್ಕೆ ತಡವಾಗಿ ಬರ್ತಾರಲ್ಲ, ಯಾಕೆ ಗೊತ್ತಾ?"

"ಆಫೀಸ್ ಕೆಲಸ ಪಾಪ, ಅವನಿಗೆ."

"ಕೆಲಸ ಅಲ್ಲ. ಕೆಳಗೆ ಕಾರಲ್ಲಿ ಕೂತಿರ್ತಾರೆ. ನೀವು ಬರೀ ವಸಡಲ್ಲಿ ಜಗಿಯೋ ಸದ್ದು ಕೇಳಿದ್ರೆ ಅನ್ನ ಗಂಟಲಲ್ಲಿ ಇಳಿಯಲ್ವಂತೆ."

"ಮೇಡಂ, ನಳಿಗೆ..." ಎಂದಳು ನರ್ಸ್.

"ಇರು. ಸುಳ್ಳು ಅನ್ಸಿದ್ರೆ ಇವತ್ತು ಕಿಟಕೀಲಿ ನೋಡಿ ಅತ್ತೆ. ನಿಮ್ಮ ತಟ್ಟೆ ತೊಳೆದು ದೀಪ ಆರಿಸಿದ ಮೇಲೇನೇ ಮೇಲೆ ಹತ್ತೋದು."

ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಸೊಸೆ ಅದನ್ನು ನೋಡಿ ಸವಿಯುತ್ತ ಇನ್ನಷ್ಟು ಹೊತ್ತು ನಿಂತಳು. ಕೊನೆಗೆ ನರ್ಸೇ ನಳಿಗೆಗಳನ್ನು ಕಸಿದುಕೊಂಡು ಯಂತ್ರಕ್ಕೆ ಹಾಕಿದಳು.

ಯಂತ್ರ ನಿಂತಾಗ ಹಳದಿಯ ಸುಳಿವೂ ಇರಲಿಲ್ಲ. ಬರೀ ಕೆಂಪು ಮುದ್ದೆ.

"ಇನ್ನೊಂದು ಸಲ ತೆಗೆಯೋಣ ಮೇಡಂ. ಐದು ನಿಮಿಷದ ಕೆಲಸ."

ಯಾರೂ ಕೇಳದೆಯೇ ಅತ್ತೆ ಇನ್ನೊಂದು ತೋಳಿನ ಸೆರಗು ಸರಿಸಿದರು. "ತಗೋ ತಾಯಿ. ಎಷ್ಟು ಬೇಕಾದ್ರೂ ತಗೋ. ಹಲ್ಲು ಮಾತ್ರ ಬರ್ಲಿ."

ಸೊಸೆ ಆ ತೋಳನ್ನು ನೋಡಿದಳು. ನರ ಎದ್ದು ಕಾಣುತ್ತಿತ್ತು.

"ಬೇಡ ಬಿಡಿ. ಅದಿಲ್ಲದೆಯೂ ತುಂಬ್ಕೊಳ್ಳುತ್ತೆ."

ವಸಡು ಬಿಡಿಸಿ, ಗುಳಿ ಕೆರೆದು ಶುಚಿ ಮಾಡಿ, ಖಾಲಿಯಾಗಿಯೇ ಹೊಲಿದಳು. ಹೊಲಿಗೆ ಮಾತ್ರ ಅಚ್ಚುಕಟ್ಟಾಗಿತ್ತು.

ಅಂದಿನಿಂದ ಅತ್ತೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಉಣ್ಣತೊಡಗಿದರು. ಮಗ ಹೊತ್ತಿಗೆ ಸರಿಯಾಗಿ ಮನೆಗೆ ಬರತೊಡಗಿದ. ಯಾಕೆಂದು ಅವನು ಕೇಳಲಿಲ್ಲ.

ಆರು ತಿಂಗಳಿಗೆ ಎಕ್ಸ್‌ರೇ ತೆಗೆದರು. ಕುರ್ಚಿಯಿಂದ ಅತ್ತೆ ಮೆಲ್ಲಗೆ, "ಬಂದಿದೆಯೇನೇ ಮೂಳೆ?" ಎಂದರು.

ಸೊಸೆ ಪರದೆಯ ಮೇಲೆ ಅಳೆದಳು. ಫೈಬ್ರಿನ್ ಇಟ್ಟಿದ್ದರೆ ಎಡಗಡೆ ಎಷ್ಟು ಬೆಳೆಯುತ್ತಿತ್ತೆಂದು ಖಚಿತವಾಗಿ ಯಾರೂ ಹೇಳಲಾರರು. ಅದು ಅವಳಿಗೆ ಗೊತ್ತಿತ್ತು, ಆ ಕ್ಷಣ ಅನುಕೂಲವೂ ಆಯಿತು. ತಿರುಪಿಗೆ ಬೇಕಾದ ಎತ್ತರ ಎಂಟು ಮಿಲಿಮೀಟರ್. ಬಲಗಡೆ ೮.೬ ಇತ್ತು.

ಎಡಗಡೆ ೩.೪ ಮಿಲಿಮೀಟರ್.